ಹೆಬ್ಬೆ ದಾರಿಯ ಹದಿನಾಲ್ಕು ಹಾಸಿಗೆ

ಹೆಬ್ಬೆ ಜಲಪಾತ ನೋಡಲು ಹೊರಟಿದ್ದ ಬೆಂಗಳೂರಿನ ನೆಂಟರ ಮಕ್ಕಳು ಉಳಿಯಲು ಜಾಗ ಹುಡುಕುತ್ತಿದ್ದರು. "ಇದು ನಿಮ್ಮೂರ ಕಡೆಯದೇ, ಹೇಗಿದೆ ನೋಡಿ ಹೇಳಿ" ಎಂದು ಒಂದು ಹೋಮ್‌ಸ್ಟೇಯ ಚಿತ್ರಗಳನ್ನು ನನ್ನ ಮೊಬೈಲಿಗೆ ಕಳಿಸಿದರು. ಹೆಂಚಿನ ಮಾಡು, ಉದ್ದದ ಜಗಲಿ, ಕೆಂಪು ಗಾರೆ ನೆಲ. ಮಲೆನಾಡಿನಲ್ಲಿ ಇಂಥ ಮನೆ ಬೇಕಾದಷ್ಟಿವೆ ಎಂದುಕೊಂಡು ಚಿತ್ರ ಸರಿಸುತ್ತಾ ಹೋದೆ. ಒಂದು ಚಿತ್ರದಲ್ಲಿ ಗೋಡೆಯುದ್ದಕ್ಕೂ ಸೊಂಟದೆತ್ತರದಲ್ಲಿ ಕಬ್ಬಿಣದ ಕೊಳವೆಯೊಂದು ಹಾದುಹೋಗಿತ್ತು. ಅದರ ಮೇಲೆ ಯಾರೋ ಒದ್ದೆ ಟವೆಲ್ಲು, ಜೀನ್ಸ್ ಪ್ಯಾಂಟು ಹರವಿದ್ದರು. ಅಲ್ಲಿಗೆ ಗುರುತು ಸಿಕ್ಕಿತು. ಆ ಕೊಳವೆ ಹಾಕಿಸಿದ್ದು ಹಾಸಿಗೆಯಿಂದ ಬಚ್ಚಲಿನವರೆಗೆ ಮುದುಕರು ಹಿಡಿದು ನಡೆಯಲೆಂದು. ಲಿಂಗದಹಳ್ಳಿಯ ವೆಲ್ಡಿಂಗ್ ಅಂಗಡಿಯವರು ಕೂಲಿ ಬೇಡವೆಂದು ಕೊಳವೆಯ ದುಡ್ಡಷ್ಟೇ ತೆಗೆದುಕೊಂಡು ಮಾಡಿಕೊಟ್ಟಿದ್ದರು. ಅದರ ಲೆಕ್ಕವನ್ನು ಪುಸ್ತಕಕ್ಕೆ ಏರಿಸಿದವಳು ನಾನು.

ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಗೆ ಹೋಗುವ ದಾರಿಯಲ್ಲಿ, ಘಾಟಿ ಹತ್ತುವುದಕ್ಕೆ ಮೊದಲೇ ಸಿಗುತ್ತಿದ್ದ ಆ ಮನೆ ಒಂದು ಕಾಲಕ್ಕೆ ವೃದ್ಧಾಶ್ರಮವಾಗಿತ್ತು. ಹೆಸರು ಬರೆಯುವುದಿಲ್ಲ. ನಡೆಸಿದವರು ತೀರಿಕೊಂಡಿದ್ದಾರೆ, ಅಲ್ಲಿದ್ದವರೂ ಇಲ್ಲ. ಸುತ್ತಲಿನ ಊರಿನವರಿಗೆ ಅದು 'ಅಜ್ಜೀರ ಮನೆ'. ನಿವೃತ್ತ ಮೇಷ್ಟರು ಮತ್ತು ಅವರ ಹೆಂಡತಿ ತಮ್ಮ ಹಿರಿಯರ ಮನೆಗೆ ಎರಡು ಕೋಣೆ ಸೇರಿಸಿ ಹದಿನಾಲ್ಕು ಹಾಸಿಗೆ ಹಾಕಿದ್ದರು. ಹೆಂಗಸರಿಗೆ ಒಂಬತ್ತು, ಗಂಡಸರಿಗೆ ಐದು. ನಾನು ತರೀಕೆರೆಯಲ್ಲಿ ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದೆ. 2001-02ರಲ್ಲಿ ಕಾಫಿ ಬೆಲೆ ನೆಲ ಕಚ್ಚಿತ್ತು. ತೋಟಗಳಲ್ಲಿ ಬಟವಾಡೆ ತಡವಾಗುತ್ತಿತ್ತು, ಹೆಬ್ಬೆ ಕಡೆಯ ತೋಟವೊಂದರಲ್ಲಿ ರೈಟರಾಗಿದ್ದ ಅಪ್ಪನ ಸಂಬಳವೂ ನಿಂತು ನಿಂತು ಬರುತ್ತಿತ್ತು. ಲೆಕ್ಕ ಬರೆಯಲು ಒಬ್ಬರು ಬೇಕೆಂದು ಮೇಷ್ಟರು ಹೇಳಿ ಕಳಿಸಿದಾಗ ಹೋಗಿ ಸೇರಿಕೊಂಡೆ. ಲೆಕ್ಕದ ಪುಸ್ತಕ ಮುಚ್ಚಿಟ್ಟು ಉಗುರು ಕತ್ತರಿಸುವುದು, ಮಾತ್ರೆ ಎಣಿಸಿಡುವುದು, ಕಾಗದ ಓದಿ ಹೇಳುವುದು ಎಲ್ಲವೂ ನನ್ನ ಪಾಲಿಗೆ ಬಂದವು.

ವೃದ್ಧಾಶ್ರಮವೆಂದರೆ ಅಮೆರಿಕದಲ್ಲಿರುವ ಮಗ, ಅರಮನೆಯಂಥ ಮನೆಗೆ ಬೀಗ, ಕಣ್ಣೀರಿಡುವ ತಾಯಿ ಎನ್ನುವ ಕತೆಯೇ ಎಲ್ಲರ ತಲೆಯಲ್ಲಿದೆ. ನಮ್ಮ ಸಿನಿಮಾ, ಧಾರಾವಾಹಿಗಳು ಅದನ್ನೇ ತೋರಿಸಿ ತೋರಿಸಿ ಗಟ್ಟಿ ಮಾಡಿವೆ. ನಮ್ಮಲ್ಲಿಗೆ ಬಂದವರಲ್ಲಿ ಅಂಥವರು ಕಡಿಮೆ. ಕೆಮ್ಮಣ್ಣುಗುಂಡಿಯ ಗಣಿಯಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದ ಕಾಲದಲ್ಲಿ ಅಲ್ಲಿ ದುಡಿದು, ಮದುವೆಯಾಗದೆ ಉಳಿದ ಒಬ್ಬರಿದ್ದರು. ಕಡೂರು ಸೀಮೆಯಲ್ಲಿ ತೆಂಗಿನ ತೋಟವಿದ್ದು, ಅದನ್ನು ಅಣ್ಣನ ಮಕ್ಕಳಿಗೆ ದಾನಪತ್ರ ಮಾಡಿಕೊಟ್ಟ ಮೇಲೆ ಬಾಗಿಲಾಚೆ ನಿಂತವರೊಬ್ಬರು. ಬೀರೂರು ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಗಂಟಿನೊಂದಿಗೆ ಕೂತಿದ್ದು, ತಾನು ಯಾವೂರಿನವಳೆಂದು ಹೇಳಲಾರದೆ ಪೊಲೀಸರ ಕೈಯಿಂದ ನಮ್ಮ ಕೈಗೆ ಬಂದ ಹೆಂಗಸು. ಉಳಿದವರಲ್ಲಿ ಹೆಚ್ಚಿನವರು ಕಾಫಿ ತೋಟದ ಲೈನುಗಳಿಂದ ಬಂದವರು.

ಈ ಲೈನಿನ, ಎಂದರೆ ಕಾರ್ಮಿಕರ ಸಾಲುಮನೆಗಳ ಮಾತನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ತೋಟದಲ್ಲಿ ದುಡಿಯುವವರಿಗೆ ಮನೆ ಕೊಡಬೇಕೆಂದಿತು. ಕೊಟ್ಟರು. ಆದರೆ ಆ ಮನೆ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಮುಗಿದರೆ ಮನೆಯೂ ಮುಗಿಯಿತು. ಮಗನೋ ಸೊಸೆಯೋ ಅದೇ ತೋಟದ ಚೆಕ್‌ರೋಲಿನಲ್ಲಿ, ಎಂದರೆ ಕೆಲಸಗಾರರ ಪಟ್ಟಿಯಲ್ಲಿ ಇದ್ದರೆ ಸರಿ, ಇಲ್ಲವೆಂದರೆ ನಲವತ್ತು ವರ್ಷ ಒಲೆ ಹಚ್ಚಿದ ಮನೆಯನ್ನು ಬಿಟ್ಟುಕೊಟ್ಟು ಹೊರಡಬೇಕು. ಗ್ರಾಚುಯಿಟಿ, ಪಿ.ಎಫ್. ಎಂದು ಕೈಗೆ ಬಂದ ಹಣ ಮಗಳ ಮದುವೆಗೋ ಮಗನ ಆಟೋರಿಕ್ಷಾಕ್ಕೋ ಹೋಗಿರುತ್ತಿತ್ತು. ಊರು ಎಂದರೆ ಯಾವ ಊರು? ಅವರ ಅಪ್ಪ ಅಮ್ಮ ತಮಿಳುನಾಡಿನಿಂದಲೋ ದಕ್ಷಿಣ ಕನ್ನಡದಿಂದಲೋ ಘಟ್ಟ ಹತ್ತಿ ಬಂದವರು. ವಾಪಸು ಹೋಗಲು ಅಲ್ಲಿ ಏನೂ ಉಳಿದಿರುತ್ತಿರಲಿಲ್ಲ.

ನಾನು ಚಿಕ್ಕವಳಿದ್ದಾಗ ನಮ್ಮ ತೋಟದಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಆಯಾ ಒಬ್ಬಳಿದ್ದಳು. ತಾಯಂದಿರು ಹಣ್ಣು ಕೊಯ್ಯಲು ಹೋದಾಗ ಸೀರೆಯ ಜೋಲಿಗಳನ್ನು ಸಾಲಾಗಿ ಕಟ್ಟಿ, ಒಂದನ್ನು ಕೈಯಲ್ಲಿ, ಇನ್ನೊಂದನ್ನು ಕಾಲಲ್ಲಿ ತೂಗುತ್ತಿದ್ದಳು. ರೈಟರ ಮಗಳೆಂದು ನನಗೆ ಬೇರೆ ಜೋಲಿಯೇನೂ ಇರಲಿಲ್ಲ, ನಾನೂ ಅಲ್ಲೇ ಬೆಳೆದದ್ದು. ಅವಳ ಲೆಕ್ಕ ತೀರಿದ ದಿನ ಅಪ್ಪನೇ ಚೀಟಿ ಬರೆದರು. ಎರಡು ಪಾತ್ರೆ, ಒಂದು ಟ್ರಂಕು, ಬುಟ್ಟಿಯಲ್ಲಿ ಎರಡು ಕೋಳಿ ಇಟ್ಟುಕೊಂಡು ಅವಳು ಜೀಪಿನ ಹಿಂದೆ ಹತ್ತಿ ಹೋದದ್ದು ಕಣ್ಣಿಗೆ ಕಟ್ಟಿದಂತಿದೆ. ಎಷ್ಟೋ ವರ್ಷಗಳ ಮೇಲೆ ಅಜ್ಜೀರ ಮನೆಯ ಜಗಲಿಯಲ್ಲಿ ಅದೇ ಟ್ರಂಕು ಇಳಿಯಿತು. ಮಗಳ ಮನೆಯಲ್ಲಿ ಒಂದಿಷ್ಟು ವರ್ಷ, ಸಂಬಂಧಿಕರ ದನದ ಕೊಟ್ಟಿಗೆಯ ಪಕ್ಕದಲ್ಲಿ ಒಂದಿಷ್ಟು ವರ್ಷ ಕಳೆದು ಬಂದಿದ್ದಳು. ನನ್ನನ್ನು ನೋಡಿ, "ರೈಟರ ಮಗು ಅಲ್ವಾ ನೀನು? ಜೋಲೀಲಿ ನಿಲ್ತಾನೇ ಇರ್ಲಿಲ್ಲ" ಎಂದಳು. ನನಗೆ ಮಾತು ಬರಲಿಲ್ಲ.

ಅವಳಿಗೆ ಆರೈಕೆ ಮಾಡಿದವಳು ಇನ್ನೊಬ್ಬ ಆಯಾ. ಈ ಬರಹ ನಿಜವಾಗಿ ಅವಳ ಬಗ್ಗೆ.

ಹತ್ತಿರದ ಹಳ್ಳಿಯವಳು. ಏಳನೇ ತರಗತಿಯವರೆಗೆ ಓದಿದ್ದವಳು. ಗಂಡ ತೀರಿಕೊಂಡ ಮೇಲೆ ಕೆಲಸಕ್ಕೆ ಬಂದಳು. ಅವಳಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ತರೀಕೆರೆ ಸರ್ಕಾರಿ ಆಸ್ಪತ್ರೆಯ ನರ್ಸೊಬ್ಬರು ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ಒಮ್ಮೆ ಹೇಳಿದ್ದಷ್ಟೇ. ಅದನ್ನು ಅವಳು ಹಿಡಿದುಕೊಂಡಳು. ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಎದ್ದು ಬರುತ್ತಿದ್ದಳು. ಒಬ್ಬಳೇ ಒಂದು ಭಾರದ ದೇಹವನ್ನು ತಿರುಗಿಸುವ ರೀತಿಯೇ ಬೇರೆ. ಮೊದಲು ಆಚೆಯ ಮೊಣಕಾಲು ಮಡಿಸುವಳು. ಒಂದು ಕೈ ಭುಜದ ಅಡಿಗೆ, ಇನ್ನೊಂದು ಸೊಂಟದ ಅಡಿಗೆ. "ಅಜ್ಜಿ, ಈಗ ತಿರುಗ್ತೀವಿ" ಎಂದು ಕಿವಿಯ ಹತ್ತಿರ ಹೇಳಿ, ಉಸಿರು ಬಿಡುವ ಹೊತ್ತಿಗೆ ಸರಿಯಾಗಿ ತನ್ನ ಕಡೆಗೆ ಹೊರಳಿಸಿಕೊಳ್ಳುವಳು. ಆಮೇಲೆ ಬೆನ್ನಿನ ಮೂಳೆ ಮೇಲೆ ಬೆರಳಾಡಿಸಿ, ಎಲ್ಲಾದರೂ ಚರ್ಮ ಕೆಂಪಾಗಿದೆಯೇ ಎಂದು ಬ್ಯಾಟರಿ ಬಿಟ್ಟು ನೋಡುವಳು. ಮಾತು ಅರ್ಥವಾಗದ ಸ್ಥಿತಿಯಲ್ಲಿದ್ದವರಿಗೂ ಅವಳು ಹೇಳದೆ ಮುಟ್ಟುತ್ತಿರಲಿಲ್ಲ. ನನ್ನ ಅಮ್ಮ ಹಾಸಿಗೆ ಹಿಡಿದಾಗ ಬೆಂಗಳೂರಿನಲ್ಲಿ ದೊಡ್ಡ ಆಸ್ಪತ್ರೆಯ ಕೆಲಸವನ್ನು ಹತ್ತಿರದಿಂದ ನೋಡಿದೆ. ಅಷ್ಟು ಚೊಕ್ಕಟವಾದ ಕೆಲಸವನ್ನು ಅಲ್ಲಿಯೂ ಕಾಣಲಿಲ್ಲ.

ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಯಿಂದ ಬಂದ ಅಜ್ಜಿಯೊಬ್ಬಳಿದ್ದಳು. ಭದ್ರಾ 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2001-02ರ ಸುಮಾರಿಗೆ ಕಾಡೊಳಗಿನ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದವು. ಹೆಚ್ಚಿನವರಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ಭದ್ರಾ ನಾಲೆಯ ನೀರು ಸಿಗುವ ಜಮೀನು ಕೊಟ್ಟರು. ದೇಶದಲ್ಲೇ ಚೆನ್ನಾಗಿ ನಡೆದ ಸ್ಥಳಾಂತರಗಳಲ್ಲಿ ಒಂದೆಂದು ಅದಕ್ಕೆ ಹೆಸರಿದೆ, ಅದು ಸುಳ್ಳಲ್ಲ. ಅಜ್ಜಿಯ ಮಗನೂ ಅಲ್ಲಿ ಕೈಕಾಲು ಊರಿಕೊಂಡ, ಮಕ್ಕಳು ಶಾಲೆಗೆ ಹೋದರು, ಮನೆಗೆ ಕರೆಂಟು ಬಂತು. ಅಜ್ಜಿಗೆ ಮಾತ್ರ ದಾರಿ ಸಿಗಲಿಲ್ಲ. ನೆನಪು ಆಗಲೇ ಸವೆಯುತ್ತಿತ್ತು. ಕಾಡಿನಲ್ಲಿದ್ದಾಗ ಕಾಲಿಗೆ ಗೊತ್ತಿದ್ದ ಹಾದಿಗಳಲ್ಲಿ ಹೇಗೋ ನಡೆದಿತ್ತು, ಬಯಲಿಗೆ ಬಂದ ಮೇಲೆ ನಾಲೆಯ ಏರಿ ಹಿಡಿದು ಹೊರಟು ಕಳೆದುಹೋಗುತ್ತಿದ್ದಳು. ಗದ್ದೆ ಕೆಲಸದ ನಡುವೆ ದಿನವಿಡೀ ಕಾಯಲಾಗದೆ ಮಗ ಕೈಮುಗಿದು ತಂದು ಬಿಟ್ಟ. ಪ್ರತಿ ಭಾನುವಾರ ಬರುತ್ತಿದ್ದ, ಬರುವಾಗ ಸೌತೆಕಾಯಿಯೋ ಹಸಿ ಅವರೆಯೋ ತರುತ್ತಿದ್ದ. ಅವನನ್ನು ಕಟುಕನೆಂದು ಯಾರಾದರೂ ಕರೆದರೆ ನನಗೆ ಸಿಟ್ಟು ಬರುತ್ತದೆ.

ಸಂಜೆ ಐದಾಗುತ್ತಲೇ ಅಜ್ಜಿಗೆ ಚಡಪಡಿಕೆ. "ದನ ಬಂದಿಲ್ಲ, ಹುಲಿ ಹಿಡೀತದೆ" ಎಂದು ಗೇಟಿನ ಕಡೆಗೆ ಓಡುವಳು. ಬೇರೆಯವರು ಹಿಡಿದೆಳೆದು ಕೂರಿಸಿದರೆ ಪರಚುತ್ತಿದ್ದಳು. ಆಯಾ ಅವಳ ಹೆಗಲಿಗೆ ಕಂಬಳಿ ಹೊದಿಸಿ, ಕೈಗೆ ಕೋಲು ಕೊಟ್ಟು, "ನಡಿ ಅಜ್ಜಿ, ಹೊಡ್ಕಂಡು ಬರಾಣ" ಎಂದು ತಾನೂ ಜೊತೆಗೆ ಹೊರಡುವಳು. ಇಬ್ಬರೂ ಮನೆಯನ್ನು ಎರಡು ಸುತ್ತು ಬಂದು, ಹಿಂದಿನ ಹಲಸಿನ ಮರದ ಹತ್ತಿರ ನಿಂತು, ಒಂದೊಂದೇ ದನದ ಹೆಸರು ಕೂಗಿ, ಒಳಗೆ ಬರುವರು. ಅಜ್ಜಿ ಕಾಲು ತೊಳೆದುಕೊಂಡು ನೆಮ್ಮದಿಯಿಂದ ಗಂಜಿ ಕುಡಿಯುವಳು. ಇದಕ್ಕೆ ಅರಳುಮರಳು ಎಂದು ನಾವು ಸುಮ್ಮನಾಗಿದ್ದೆವು. ಈಗ ಡಿಮೆನ್ಷಿಯಾದ ಬಗ್ಗೆ ತಿಳಿದವರು ಎದುರಾಡಬೇಡಿ, ತಿದ್ದಬೇಡಿ, ಅವರ ಲೋಕದೊಳಕ್ಕೆ ಹೋಗಿ ಜೊತೆಯಾಗಿ ಎಂದು ಹೇಳುವುದನ್ನು ಕೇಳಿದಾಗ, ಹಲಸಿನ ಮರದಡಿ ನಿಂತು ದನ ಕೂಗುತ್ತಿದ್ದ ಆಯಾ ನೆನಪಾಗುತ್ತಾಳೆ.

ಆ ಮನೆಯಲ್ಲಿ ಎಲ್ಲವೂ ಸರಿಯಿತ್ತೆಂದು ನಾನು ಹೇಳಲಾರೆ. ಮೇಷ್ಟರದು ಶಾಲೆಯ ಶಿಸ್ತು. ಆರಕ್ಕೆ ಗಂಟೆ, ಏಳಕ್ಕೆ ಪ್ರಾರ್ಥನೆ, ರಾತ್ರಿ ಎಂಟೂವರೆಗೆ ದೀಪ ಆರಲೇಬೇಕು. ಎಪ್ಪತ್ತು ವರ್ಷ ತಮ್ಮ ಇಷ್ಟದಂತೆ ಮಲಗಿ ಎದ್ದವರಿಗೆ ಅದು ಕಷ್ಟವಾಗುತ್ತಿತ್ತು. ಗಂಡಸರ ಕೋಣೆ, ಹೆಂಗಸರ ಕೋಣೆ ಎಂದು ಬೇರೆ ಮಾಡಿದ್ದರಿಂದ, ಐವತ್ತು ವರ್ಷ ಬಾಳಿದ ಗಂಡ ಹೆಂಡತಿಯೊಬ್ಬರು ಗೋಡೆಯ ಆಚೆ ಈಚೆ ಮಲಗಬೇಕಾಯಿತು. ಬೆಳಿಗ್ಗೆ ಆಕೆ ಜಗಲಿಗೆ ಬಂದು ಅವರ ಷರಟಿನ ಗುಂಡಿ ಹಾಕುವರು, ಅವರು ಆಕೆಯ ಪಾದಕ್ಕೆ ಎಣ್ಣೆ ಸವರುವರು. ದಾನಿಗಳು ಬಂದಾಗ ಇದನ್ನು ನೋಡಿ ಎಷ್ಟು ಚೆಂದ ಎನ್ನುತ್ತಿದ್ದರು. ಒಂದು ಕೋಣೆ ಕೊಟ್ಟಿದ್ದರೆ ಇನ್ನೂ ಚೆಂದವಿರುತ್ತಿತ್ತು. ಒಂದು ಹಲಗೆಯ ತಡಿಕೆ ಸಾಕಿತ್ತು.

ಎಲೆ ಅಡಿಕೆಯ ವಿಷಯವೂ ಹಾಗೆಯೇ. ಡಾಕ್ಟರು ಹೊಗೆಸೊಪ್ಪು ಕೂಡದು ಎಂದರೆಂದು ಲೈನಿನಿಂದ ಬಂದ ಹೆಂಗಸರ ಸಂಚಿಗಳನ್ನೆಲ್ಲ ತೆಗೆದಿಡಲಾಯಿತು. ಎಂಬತ್ತರ ಹತ್ತಿರದವರಿಗೆ ಬಾಯಿ ಕ್ಯಾನ್ಸರಿನ ಭಯ ಹೇಳಿ ಕಸಿದುಕೊಂಡದ್ದು ಅವರ ದಿನದಲ್ಲಿ ಉಳಿದಿದ್ದ ಒಂದೇ ಒಂದು ಸ್ವಂತ ಸಂಗತಿಯನ್ನು. ಮಳೆಗಾಲದ ಮಧ್ಯಾಹ್ನಗಳಲ್ಲಿ ಜಗಲಿಯಲ್ಲಿ ಕೂತು, ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಪಕ್ಕದವಳಿಗೂ ಅರ್ಧ ಕೊಟ್ಟು ಮಾತಿಗೆ ಶುರುಮಾಡುವುದು ನಿಂತುಹೋಯಿತು. ಮಾತೂ ಕಡಿಮೆಯಾಯಿತು. ಆರೋಗ್ಯದ ಹೆಸರಿನಲ್ಲಿ ಮಾಡಿದ ಆ ಕೆಲಸವನ್ನು ಇವತ್ತು ನಾನು ಒಪ್ಪುವುದಿಲ್ಲ. ಮುಪ್ಪಿನಲ್ಲಿ ಹೊಟ್ಟೆ, ಬಟ್ಟೆ, ಔಷಧಿ ಮೂರನ್ನೂ ಕೊಟ್ಟು, ಯಾವಾಗ ಮಲಗಬೇಕು, ಯಾರ ಪಕ್ಕ ಕೂರಬೇಕು, ಬಾಯಿಗೆ ಏನು ಹಾಕಿಕೊಳ್ಳಬೇಕು ಎಂಬುದನ್ನು ಕಿತ್ತುಕೊಂಡರೆ ಮನುಷ್ಯರು ಬೇಗ ಕುಗ್ಗುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ.

2007 ಎರಡು ಸುದ್ದಿ ತಂದ ವರ್ಷ. ರಾಜ್ಯ ಸರ್ಕಾರ ಸಂಧ್ಯಾ ಸುರಕ್ಷಾ ಯೋಜನೆ ಶುರುಮಾಡಿತು, 65 ದಾಟಿದ ಬಡವರಿಗೆ ಆಗ ತಿಂಗಳಿಗೆ 400 ರೂಪಾಯಿ. ವಯಸ್ಸಿನ ದಾಖಲೆ ಇಲ್ಲದವರಿಗಾಗಿ ನಾನು ಎಷ್ಟು ಅರ್ಜಿ ತುಂಬಿದೆನೋ. ಮೊದಲ ಹಣ ಕೈಗೆ ಬಂದಾಗ ನಮ್ಮ ಜೋಲಿಯ ಅಜ್ಜಿ ನೋಟುಗಳನ್ನು ಕಣ್ಣಿಗೊತ್ತಿಕೊಂಡು ಟ್ರಂಕಿನಲ್ಲಿಟ್ಟು, "ಇದು ನಂದು" ಎಂದಳು. ಈಗ ಆ ಮೊತ್ತ 1,200 ರೂಪಾಯಿಗೆ ಬಂದಿದೆ. ಅದೇ ವರ್ಷದ ಕೊನೆಗೆ ಪಾರ್ಲಿಮೆಂಟು ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಜೀವನಾಂಶ ಮತ್ತು ಕಲ್ಯಾಣ ಕಾಯ್ದೆಯನ್ನು ಒಪ್ಪಿತು. ಹಿರಿಯರು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಪಡೆಯಬಹುದು. ನಮ್ಮ ಭಾಗದವರಿಗೆ ಅದಕ್ಕೆ ಚಿಕ್ಕಮಗಳೂರಿನವರೆಗೆ ಹೋಗಬೇಕಿಲ್ಲ, ಉಪವಿಭಾಗಾಧಿಕಾರಿ ಕಚೇರಿ ತರೀಕೆರೆಯಲ್ಲೇ ಇದೆ. ನೋಡಿಕೊಳ್ಳುವೆನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆಮೇಲೆ ಕೈಬಿಟ್ಟರೆ ಆ ಪತ್ರವನ್ನೇ ರದ್ದುಮಾಡಿಸಲು 23ನೇ ಕಲಮಿನಲ್ಲಿ ದಾರಿಯಿದೆ. ಆದರೆ ಅದು ಕಾಯ್ದೆ ಜಾರಿಯಾದ ಮೇಲಿನ ಪತ್ರಗಳಿಗೆ ಮಾತ್ರ. ತೆಂಗಿನ ತೋಟ ಕೊಟ್ಟು ಬಂದವರಿಗೆ ಇದನ್ನು ಓದಿ ಹೇಳಿದೆ. ಅವರದು ಮೊದಲೇ ಆಗಿಹೋಗಿತ್ತು. "ಮುಂದಿನೋರಿಗಾದ್ರೂ ಆಯ್ತಲ್ಲ" ಎಂದರು. ಇವತ್ತು ದಾನಪತ್ರ ಬರೆಯುವ ಹಿರಿಯರಿಗೆ ನಾನು ಒತ್ತಿ ಹೇಳುವುದು ಇಷ್ಟೇ: ನಮ್ಮನ್ನು ಕೊನೆಯವರೆಗೂ ನೋಡಿಕೊಳ್ಳಬೇಕು ಎನ್ನುವ ಸಾಲು ಆ ಪತ್ರದಲ್ಲಿ ಇರಲೇಬೇಕು. ಬಾಯಿಮಾತಿನ ಮೇಲೆ ಬಿಟ್ಟರೆ ಮುಂದೆ ಅಲೆಯಬೇಕಾಗುತ್ತದೆ.

ಅದೇ ಕಾಯ್ದೆಯ 19ನೇ ಕಲಮು ಜಿಲ್ಲೆಗೊಂದರಂತೆ, ಕನಿಷ್ಠ 150 ನಿರ್ಗತಿಕ ಹಿರಿಯರು ಇರಬಹುದಾದ ವೃದ್ಧಾಶ್ರಮದ ಮಾತಾಡುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಕಾಡೊಳಗಿನ ಹಳ್ಳಿಯಿಂದ ಬಂದ ಆ ಅಜ್ಜಿಯನ್ನು ಜಿಲ್ಲಾ ಕೇಂದ್ರದ 150 ಹಾಸಿಗೆಯ ನಡುವೆ ಮಲಗಿಸಿದರೆ ಯಾರು ಅವಳೊಂದಿಗೆ ದನ ಕೂಗುತ್ತಾರೆ? ಅವಳ ಮಗ ಭಾನುವಾರ ಸೌತೆಕಾಯಿ ಹಿಡಿದು ಹೇಗೆ ಬರುತ್ತಾನೆ? 2011ರ ಜನಗಣತಿಯ ಹೊತ್ತಿಗೇ ನಮ್ಮ ರಾಜ್ಯದಲ್ಲಿ 60 ದಾಟಿದವರು ನೂರಕ್ಕೆ ಒಂಬತ್ತೂವರೆ ಮಂದಿಯಿದ್ದರು. ಹೋಬಳಿಗೊಂದು ಅಂಗನವಾಡಿ ಸಾಲದು, ಊರಿಗೊಂದು ಬೇಕೆಂದು ನಾವು ಒಪ್ಪಿ ಎಷ್ಟೋ ದಶಕಗಳಾದವು. ಮುದುಕರಿಗೆ ಹೋಬಳಿಗೊಂದು ಹದಿನಾಲ್ಕು ಹಾಸಿಗೆಯ ಮನೆ ಕೇಳಿದರೆ ಅದು ಹೆಚ್ಚಿನದೆಂದು ನನಗೆ ಅನ್ನಿಸುವುದಿಲ್ಲ.

ನಮ್ಮ ಮನೆ ಮುಚ್ಚಿದ್ದು ಅನ್ನವಿಲ್ಲದೆ ಅಲ್ಲ. ಅನ್ನಕ್ಕೆ ದಾನಿಗಳು ಬೇಕಾದಷ್ಟಿದ್ದರು. ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ತಿಥಿ ಎಂದು ಮೊದಲೇ ದಿನ ಕಾದಿರಿಸಿ ಹೋಳಿಗೆ, ಪಾಯಸ ಹಾಕಿಸುತ್ತಿದ್ದರು. ಶ್ರಾವಣದಲ್ಲಿ ಒಂದೇ ದಿನಕ್ಕೆ ಇಬ್ಬರು ಮೂವರು. ಸಕ್ಕರೆ ಕಾಯಿಲೆಯವರ ತಟ್ಟೆಗೂ ಹೋಳಿಗೆ ಬಿದ್ದು, ಮರುದಿನ ಆಯಾಗಳ ಬಟ್ಟೆ ಒಗೆಯುವ ಕೆಲಸ ದುಪ್ಪಟ್ಟಾಗುತ್ತಿತ್ತು. ಸೀರೆ, ಬಾಳೆಹಣ್ಣು ಕೊಡುವ ಫೋಟೋದಲ್ಲಿ ಅಜ್ಜಿಯರು ಕ್ಯಾಮೆರಾ ಕಡೆಗೆ ನೋಡಬೇಕು. ಕೊಟ್ಟವರ ಮನಸ್ಸು ಒಳ್ಳೆಯದೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ನನ್ನ ಲೆಕ್ಕದ ಪುಸ್ತಕದಲ್ಲಿ 'ಊಟ' ಎಂಬ ಪುಟ ಸದಾ ತುಂಬಿರುತ್ತಿತ್ತು, 'ಸಂಬಳ' ಎಂಬ ಪುಟ ಸದಾ ಬಾಕಿ ತೋರಿಸುತ್ತಿತ್ತು. ಆಯಾಳ ಸಂಬಳಕ್ಕೆಂದು ದುಡ್ಡು ಕೊಟ್ಟವರು ನನಗೆ ನೆನಪಿರುವಂತೆ ಯಾರೂ ಇಲ್ಲ. ಸಂಬಳ ಕೊಡುವುದರಲ್ಲಿ ಪುಣ್ಯ ಕಾಣುವುದಿಲ್ಲವೇನೋ. ಮೇಷ್ಟರು ಕೂಡ, "ಇದು ಸೇವೆ ಕಣಮ್ಮ, ಕೂಲಿ ಅಲ್ಲ" ಎನ್ನುತ್ತಿದ್ದರು. ತೋಟದ ಹಣ್ಣು ಕೊಯ್ಯುವವಳಿಗೆ ಸಿಗುವುದಕ್ಕಿಂತ ಕಡಿಮೆ ಹಣಕ್ಕೆ ನಮ್ಮ ಆಯಾ ರಾತ್ರಿ ನಾಲ್ಕು ಸಲ ಎದ್ದಳು. ಸೇವೆ ಎನ್ನುವ ಹೆಸರಿನಲ್ಲಿ ಆಕೆಗೆ ಆದದ್ದು ಅನ್ಯಾಯ.

ಮಗಳ ಓದಿಗೆ ದುಡ್ಡು ಬೇಕಾದಾಗ ಅವಳು ಏಜೆನ್ಸಿಯೊಂದರ ಮೂಲಕ ಬೆಂಗಳೂರಿಗೆ ಹೋಂನರ್ಸ್ ಆಗಿ ಹೋದಳು. ಅಷ್ಟರಲ್ಲಿ ನಾನೂ ಮದುವೆಯಾಗಿ ಬೇರೆ ಊರಿಗೆ ಬಂದಿದ್ದೆ. ಅವಳ ಜಾಗಕ್ಕೆ ಬಂದವರು ನಿಲ್ಲಲಿಲ್ಲ. ಒಬ್ಬರಿಗೆ ಬೆನ್ನು ಹುಣ್ಣಾಯಿತು, ಇನ್ನೊಬ್ಬರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಮೇಷ್ಟರ ಹೆಂಡತಿ ತೀರಿಕೊಂಡ ಮೇಲೆ ಒಬ್ಬೊಬ್ಬರನ್ನೇ ಬೇರೆ ಕಡೆಗೆ ಕಳಿಸಿ ಬಾಗಿಲು ಹಾಕಿದರು. ಜೋಲಿಯ ಅಜ್ಜಿ ಅದಕ್ಕೂ ಮೊದಲೇ, ಅದೇ ಆಯಾಳ ತೊಡೆಯ ಮೇಲೆ ತಲೆಯಿಟ್ಟು ಹೋಗಿದ್ದಳು.

ಹೆಬ್ಬೆ ಈಗ ಜೀಪುಗಳ ಊರು. ವಾರಾಂತ್ಯಕ್ಕೆ ಸಾಲುಗಟ್ಟಿ ಬರುತ್ತಾರೆ, ಜಿಗಣೆ ಕಚ್ಚಿಸಿಕೊಂಡು, ಎತ್ತರದಿಂದ ಎರಡು ಹಂತದಲ್ಲಿ ಬೀಳುವ ನೀರಿಗೆ ಮೈಯೊಡ್ಡಿ ಹೋಗುತ್ತಾರೆ. ತೋಟದ ಲೈನುಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯ ಹುಡುಗರು, ಹುಡುಗಿಯರು ಇದ್ದಾರೆ. ಅವರ ಮುಪ್ಪು ಎಲ್ಲಿ ಕಳೆಯುತ್ತದೋ ಯಾರೂ ಯೋಚಿಸಿದಂತಿಲ್ಲ. ಜಿಲ್ಲೆಯಲ್ಲೂ ಹೊರಗೂ ಈಗ ತಿಂಗಳಿಗೆ ಹತ್ತಾರು ಸಾವಿರ ತೆಗೆದುಕೊಳ್ಳುವ ಒಳ್ಳೆಯ ಖಾಸಗಿ ಮನೆಗಳಿವೆ. ಅತ್ತೆಯವರಿಗಾಗಿ ಒಂದನ್ನು ನೋಡಿಬಂದೆ. ನೆಲ ಜಾರುವುದಿಲ್ಲ, ಗಂಡ ಹೆಂಡತಿಗೆ ಒಂದೇ ಕೋಣೆ, ಮಲಗುವ ಹೊತ್ತು ಅವರವರ ಇಷ್ಟ. ಇದೆಲ್ಲ ನಮ್ಮ ಕಾಲಕ್ಕಿಂತ ಎಷ್ಟೋ ಮೇಲು, ಸಂತೋಷವಾಯಿತು. ಆದರೆ ಲೈನಿನ ಅಜ್ಜಿ ಅಲ್ಲಿಗೆ ಹೋಗಲಾರಳು. ಅಲ್ಲಿಯೂ ರಾತ್ರಿ ಪಾಳಿಯ ಹೆಂಗಸನ್ನು ಮಾತಾಡಿಸಿದಾಗ ಗೊತ್ತಾದದ್ದು, ಆಕೆ ಒಬ್ಬಳೇ ಒಂದು ಮಹಡಿ ನೋಡಿಕೊಳ್ಳುತ್ತಾಳೆ.

ಇದನ್ನು ಓದುತ್ತಿರುವವರಲ್ಲಿ ಎಷ್ಟೋ ಜನ ಮಗುವಿನ ಹುಟ್ಟುಹಬ್ಬಕ್ಕೋ ಅಪ್ಪನ ತಿಥಿಗೋ ಹತ್ತಿರದ ವೃದ್ಧಾಶ್ರಮದಲ್ಲಿ ಊಟ ಹಾಕಿಸುವವರಿದ್ದೀರಿ. ಊಟಕ್ಕೆ ದುಡ್ಡು ಕಟ್ಟುವ ಮೊದಲು ಆಫೀಸಿನಲ್ಲಿ ಒಂದು ಮಾತು ಕೇಳಿ: ರಾತ್ರಿ ಪಾಳಿಗೆ ಎಷ್ಟು ಜನ ಆಯಾಗಳಿದ್ದಾರೆ, ಅವರ ಈ ತಿಂಗಳ ಸಂಬಳ ಆಗಿದೆಯೇ? ಆಗಿಲ್ಲವೆಂದರೆ, ದಯವಿಟ್ಟು ಹೋಳಿಗೆಯ ದುಡ್ಡನ್ನು ಅದಕ್ಕೆ ಕೊಡಿ.